ಉಡಚವ್ವ ತಿದ್ದಿದ ಮೂರನೆಯ ಅಧ್ಯಾಯ

ಗುರುಸಿದ್ದಯ್ಯ ಮಾಸ್ತರರು ಉಡಚವ್ವನನ್ನು ಮೊದಲ ಸಲ ನೋಡಿದಾಗ ಆಕೆ ಗೋಡೆಯ ಜೊತೆ ಮಾತಾಡುತ್ತಿದ್ದಳು. ಬರೀ ಮಾತಾಗಿದ್ದರೆ ಬಿಡಬಹುದಿತ್ತು, ಆಕೆ ಗೋಡೆಯನ್ನು ರಮಿಸುತ್ತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ರೊಟ್ಟಿಯ ತಾಟು. ಬಂಗಲೆಯ ಹಿಂಬದಿಯ ಸುಣ್ಣದ ಗೋಡೆಗೆ ಕಿವಿ ಹಚ್ಚಿ, ನೀನು ಉಣ್ಣದಿದ್ದರೆ ನಾನೂ ಉಣ್ಣುವುದಿಲ್ಲ ಎಂದೂ, ಪಲ್ಯಕ್ಕೆ ಉಪ್ಪು ನಾನೇ ನೋಡಿ ಹಾಕಿದ್ದೇನೆ ಎಂದೂ ಹೇಳುತ್ತಿದ್ದಳು. ಮಾಸ್ತರರು ತಡ ಮಾಡಲಿಲ್ಲ. ಕೋಟಿನ ಕಿಸೆಯಿಂದ ನೋಟಬುಕ್ಕು ತೆಗೆದು, ‘ರೋಗಿಣಿ, ವಯಸ್ಸು ಸುಮಾರು ನಲವತ್ತು, ಜಡವಸ್ತುವಿನಲ್ಲಿ ಜೀವಾರೋಪ’ ಎಂದು ಬರೆದುಕೊಂಡರು. ಗೋಡೆಯ ಆಚೆ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕೂತ ಬೇರೊಬ್ಬ ಹೆಣ್ಣುಮಗಳು ಇದ್ದಳೆಂಬುದೂ, ಗೋಡೆಯ ಈಚೆ ಇದ್ದವಳು ಅಲ್ಲಿಯ ಆಯಾ ಎಂಬುದೂ ಅವರಿಗೆ ಗೊತ್ತಾಗುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಬರೆದದ್ದನ್ನು ಅವರು ಹೊಡೆದುಹಾಕಲಿಲ್ಲ. ಬರೆದದ್ದನ್ನು ಹೊಡೆದುಹಾಕುವ ಸ್ವಭಾವ ಅವರದಲ್ಲ.

ಆದರೆ ಉಡಚವ್ವನೂ ಅಷ್ಟರಲ್ಲಿ ಅವರನ್ನು ನೋಡಿ ಆಗಿತ್ತು. ಬಂಗಲೆಯ ಮುಂದೆಯೇ ಬಸ್ಸು ನಿಲ್ಲುತ್ತಿದ್ದರೂ ಈ ಮನುಷ್ಯ ಒಂದು ಸ್ಟಾಪು ಹಿಂದೆಯೇ ಇಳಿದು ಬಿಸಿಲಲ್ಲಿ ನಡೆದು ಬಂದಿದ್ದ. ಗೇಟಿನ ತನಕ ಬಂದು ಹಿಂದೆ ಹೋದ, ಮತ್ತೆ ಬಂದ. ತುಟಿ ಅಲುಗುತ್ತಿದ್ದವು, ಬಾಯಲ್ಲಿ ಏನೋ ಉದ್ದುದ್ದ ಪದ. ಬೆರಳಿಂದ ಹಣೆ ಉಜ್ಜಿಕೊಂಡು ಉಜ್ಜಿಕೊಂಡು, ಸೋರುವ ಪೆನ್ನಿನ ನೀಲಿ ಶಾಯಿ ವಿಭೂತಿಯ ಮೇಲೆ ನಾಲ್ಕನೆಯ ಪಟ್ಟೆಯಾಗಿತ್ತು. ಉಡಚವ್ವ ತಾಟು ಕೆಳಗಿಟ್ಟು ಬಂದು ಅವರ ಮೊಣಕೈ ಹಿಡಿದಳು.

“ಬರ್ರಿ ಯಜಮಾನ್ರ, ಒಳಗ ತಂಪೈತಿ. ಇಲ್ಲಿ ಯಾರೂ ಏನೂ ಅನ್ನಂಗಿಲ್ಲ. ನಿಮ್ಮ ಕೂಡ ಯಾರ್ ಬಂದಾರು?”

ಮಾಸ್ತರರು ತಾವು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರೆಂದು ತಿಳಿಸಿದರು. ಉಡಚವ್ವ ಹೌದು ಹೌದು ಎಂದು ತಲೆ ಅಲ್ಲಾಡಿಸಿದಳು. ಹಿಂದಿನ ತಿಂಗಳು ಬಂದವರೊಬ್ಬರು ಕಲೆಕ್ಟರ ಸಾಹೇಬರಾಗಿದ್ದರು. ಅವರಿಗೂ ಆಕೆ ಹೌದು ಹೌದು ಎಂದೇ ಅಂದಿದ್ದಳು.

ಇದು ಸಾವಿರದ ಒಂಬೈನೂರ ಐವತ್ತೊಂಬತ್ತರ ಮಾತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯಲ್ಲಿ ಅಮರಗೋಳದ ಹತ್ತಿರ, ಅರಳೆ ವ್ಯಾಪಾರದ ಕುಟುಂಬವೊಂದು ತನ್ನ ಹಳೆಯ ಬಂಗಲೆಯನ್ನು ಧರ್ಮಾರ್ಥವಾಗಿ ಬಿಟ್ಟುಕೊಟ್ಟು ‘ಸಮಾಧಾನ ಭವನ’ ಎಂದು ಬೋರ್ಡು ಹಾಕಿತ್ತು. ಇಪ್ಪತ್ತು ಹಾಸಿಗೆ, ಒಬ್ಬ ಡಾಕ್ಟರರು, ಇಬ್ಬರು ಆಯಾಗಳು, ಒಂದು ಬೇವಿನ ಗಿಡ. ತಲೆ ಕೆಟ್ಟಿದೆ ಎಂದು ಮನೆಯವರು ಕರೆತಂದವರನ್ನು ಹತ್ತು ದಿನ ಇಟ್ಟುಕೊಂಡು ನೋಡುವುದು, ಸುಧಾರಿಸುವವರನ್ನು ಇಲ್ಲೇ ಸುಧಾರಿಸಿ ಕಳಿಸುವುದು, ಉಳಿದವರನ್ನು ಕಾಗದ ಮಾಡಿ ದೊಡ್ಡ ದವಾಖಾನೆಗೆ ಸಾಗಿಸುವುದು ಅಲ್ಲಿಯ ಪದ್ಧತಿ. ಬೋರ್ಡನ್ನು ಓದಿದವರು ಕಡಿಮೆ. ಬಸ್ಸಿನ ಕಂಡಕ್ಟರು ಘಂಟೆ ಹೊಡೆದು, ಹುಚ್ಚರ ಬಂಗ್ಲೆ ಇಳಿಯವರು ಇಳೀರಿ ಎಂದು ಕೂಗುತ್ತಿದ್ದ. ಕೂಗಿದೊಡನೆ ಇಡೀ ಬಸ್ಸು ಕತ್ತು ತಿರುಗಿಸಿ, ಇಳಿಯುವವರು ಯಾರೆಂದು ನೋಡುತ್ತಿತ್ತು. ಮಾಸ್ತರರು ಒಂದು ಸ್ಟಾಪು ಹಿಂದೆ ಇಳಿಯುತ್ತಿದ್ದ ಗುಟ್ಟು ಇಷ್ಟೇ.

ಅವರು ಬರುತ್ತಿದ್ದುದು ಒಂದು ಗ್ರಂಥಕ್ಕಾಗಿ. ಮನೋವಿಕಾರಗಳ ಮೂಲ ತತ್ತ್ವಗಳನ್ನು ಕನ್ನಡದಲ್ಲಿ ಯಾರೂ ಸರಿಯಾಗಿ ಬರೆದಿಲ್ಲ, ಅದು ತಮಗಾಗಿ ಕಾದಿದೆ ಎಂದು ಅವರಿಗೆ ಅನಿಸಿತ್ತು. ರೋಗವೆಂದರೇನು, ರೋಗವಲ್ಲದ್ದು ಏನು, ದುಃಖ ಎಲ್ಲಿಗೆ ಮುಗಿದು ಬೇನೆ ಎಲ್ಲಿಂದ ಸುರುವಾಗುತ್ತದೆ, ಇಲ್ಲದ್ದನ್ನು ಕಾಣುವುದಕ್ಕೂ ಇದ್ದದ್ದನ್ನು ತಪ್ಪಾಗಿ ಕಾಣುವುದಕ್ಕೂ ಏನು ಅಂತರ, ಹೀಗೆ ಹನ್ನೆರಡು ಅಧ್ಯಾಯ. ವಿಷಯ ಕಷ್ಟದ್ದಲ್ಲ, ಪದಗಳು ಕಷ್ಟ. ಇಲ್ಲದ್ದನ್ನು ಕಾಣುವುದಕ್ಕೆ ಅವರು ‘ನಿರಾಲಂಬ ದರ್ಶನ’ ಎಂದು ಟಂಕಿಸಿದರು. ಸುಳ್ಳನ್ನು ಗಟ್ಟಿಯಾಗಿ ನಂಬುವುದಕ್ಕೆ ‘ಮಿಥ್ಯಾನಿಶ್ಚಯ’. ಸುಮ್ಮಸುಮ್ಮನೆ ಅಂಜುವುದಕ್ಕೆ ‘ನಿರ್ವಿಷಯ ಭೀತಿ’. ಉಡಚವ್ವನಿಗೆ ಹೇಳಿದರೆ ಆಕೆ, ಜೀವ ಹಾರೂದಕ್ಕ ಇಷ್ಟ ದೊಡ್ಡ ಹೆಸರ ಇಟ್ಟೀರೇನ್ರಿ ಎಂದಳು.

ಆದರೆ ಬರೆಯತೊಡಗಿದ ಮೇಲೆ ಮಾಸ್ತರರಿಗೆ ಒಂದು ಕಸಿವಿಸಿ ಹತ್ತಿಕೊಂಡಿತು. ಯಾವ ಲಕ್ಷಣವನ್ನು ಬರೆದರೂ ಅದು ತಮ್ಮಲ್ಲಿಯೇ ಕಾಣುತ್ತಿತ್ತು. ಕದ ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡುವುದರ ಬಗ್ಗೆ ಬರೆದ ಮರುದಿನದಿಂದ ನಾಲ್ಕು ಸಲ ನೋಡತೊಡಗಿದರು. ತನ್ನ ಬಗ್ಗೆ ಮಂದಿ ಮಾತಾಡುತ್ತಾರೆ ಎಂಬ ಶಂಕೆಯ ಬಗ್ಗೆ ಬರೆದಾಗ, ಸ್ಟಾಫ್ ರೂಮಿನಲ್ಲಿ ತಾವು ಹೊಕ್ಕೊಡನೆ ಮಾತು ನಿಲ್ಲುವುದು ನೆನಪಾಯಿತು. (ಮಾತು ನಿಲ್ಲುತ್ತಿದ್ದುದು ಖರೆ. ಅವರು ಹೊಕ್ಕರೆ ಹೊಸ ಪದವೊಂದರ ವಿವರಣೆ ಕೇಳಬೇಕಾಗುತ್ತಿತ್ತು.) ಮನೆಯಲ್ಲಿ ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಅಡ್ಡಾಡುವುದು ಹೆಚ್ಚಾಯಿತು. ಹೆಂಡತಿ ಗೌರಕ್ಕನನ್ನು ಕರೆದು, ನನ್ನಲ್ಲಿ ಏನಾದರೂ ಬದಲು ಕಾಣುತ್ತದೆಯೇ ಎಂದು ಗಂಭೀರವಾಗಿ ಕೇಳಿದರು. ಗೌರಕ್ಕ, ಮದುವೆಯಾದಾಗಿನಿಂದ ಹಿಂಗ ಅದೀರಿ ಎಂದು ಹೇಳಿ ಒಲೆಯ ಕಡೆಗೆ ಹೋದರು. ಇದು ಸಮಾಧಾನವೋ ರೋಗನಿದಾನವೋ ಮಾಸ್ತರರಿಗೆ ತಿಳಿಯಲಿಲ್ಲ. ಶನಿವಾರಕ್ಕೊಮ್ಮೆ ಬಂಗಲೆಗೆ ಹೋಗುತ್ತಿದ್ದವರು ವಾರಕ್ಕೆ ಮೂರು ಸಲ ಹೋಗತೊಡಗಿದರು. ಗ್ರಂಥದ ಸಲುವಾಗಿ ಎಂದು ಹೇಳುತ್ತಿದ್ದರು.

ಅಲ್ಲಿ ಹೋದರೆ ಡಾಕ್ಟರರಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತಿದ್ದವಳು ಉಡಚವ್ವ. ಆಕೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಅಮರಗೋಳದಲ್ಲಿ ಹುಟ್ಟಿ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಸೋಮಪ್ಪ ಎಂಬವನನ್ನು ಮದುವೆಯಾದವಳು. ಅತ್ತೆ ಬೀರವ್ವ ಒಂದು ಬೇಸಿಗೆಯಲ್ಲಿ ಮಾತು ಬಿಟ್ಟಳು, ಆಮೇಲೆ ಅನ್ನ ಬಿಟ್ಟಳು, ಕೊನೆಗೆ ಮನೆಯನ್ನೇ ಬಿಟ್ಟು ರೈಲು ಹಳಿಯ ಮೇಲೆ ನಡೆಯತೊಡಗಿದಳು. ಬಂಗಲೆ ಆಗಷ್ಟೇ ಸುರುವಾಗಿತ್ತು. ಉಡಚವ್ವ ಅತ್ತೆಯ ಜೊತೆಗೆ ಬಂದು ಎಂಟು ತಿಂಗಳು ಅಲ್ಲೇ ಇದ್ದಳು. ಅತ್ತೆ ಸುಧಾರಿಸಿ ಮನೆಗೆ ಹೋದಳು. ಸೊಸೆಯನ್ನು ಮಾತ್ರ ಬಂಗಲೆಯವರು ಬಿಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಹೆಂಗಸರ ವಾರ್ಡಿನಲ್ಲಿ ಯಾರು ಉಣ್ಣದಿದ್ದರೂ ಉಡಚವ್ವನನ್ನು ಕರೆಯುವುದು ರೂಢಿಯಾಗಿಬಿಟ್ಟಿತ್ತು.

ಆಕೆಯ ಕೈಯ ನೀರು ಕುಡಿಯಲು ಒಲ್ಲೆ ಎನ್ನುವವರು ಅಲ್ಲಿ ಬರುತ್ತಿದ್ದರು. ರೋಗಿಗಳನ್ನು ಬಿಡಲು ಬಂದ ಅಣ್ಣಂದಿರು, ಮಾವಂದಿರು, ತಲೆ ಸರಿಯಿದ್ದವರು. ಆಕೆ ಯಾರ ಪೈಕಿ ಎಂದು ವಿಚಾರಿಸಿಕೊಂಡು, ತಮ್ಮ ತಂಬಿಗೆ ತಾವೇ ತುಂಬಿಕೊಳ್ಳುತ್ತಿದ್ದರು. ಹುಚ್ಚರ ಪೈಕಿ ಹಾಗೆ ಕೇಳಿದವರು ಈ ತನಕ ಯಾರೂ ಇರಲಿಲ್ಲ. ಇದನ್ನು ಉಡಚವ್ವ ಯಾರ ಮುಂದೆಯೂ ಆಡಿ ತೋರಿಸಿದವಳಲ್ಲ. ಮೊದಲ ದಿನ ಮಾಸ್ತರರಿಗೂ ಆಕೆ ನೀರು ತಂದಿದ್ದಳು. ಅವರು, ಈಗ ಬ್ಯಾಡ, ನೀರಡಿಕಿ ಇಲ್ಲ ಎಂದರು. ಬಿಸಿಲಲ್ಲಿ ಒಂದು ಮೈಲು ನಡೆದು ಬಂದವರು. ಉಡಚವ್ವ ಆ ನೀರನ್ನು ಬೇವಿನ ಗಿಡದ ಬುಡಕ್ಕೆ ಹಾಕಿದಳು.

ಆಕೆಯ ಕೆಲಸದಲ್ಲಿ ಒಂದು ವಿಶೇಷ ಇತ್ತು, ಅದರ ಬಗ್ಗೆ ನೋಟಬುಕ್ಕಿನಲ್ಲಿ ಎರಡು ಪುಟ ಬರೆದರೂ ಮಾಸ್ತರರಿಗೆ ಅದಕ್ಕೆ ಹೆಸರಿಡಲು ಆಗಿರಲಿಲ್ಲ. ಕೆಲವರು ನಿಲ್ಲಲಾರದೆ ಕೂಡಲಾರದೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದರು. ಇನ್ನೊಬ್ಬ ಆಯಾ ಮಾಬೂಬಿ ಅಂಥವರನ್ನು ಹೆಗಲು ಹಿಡಿದು ಕೂಡಿಸುತ್ತಿದ್ದಳು. ಅವರು ಮತ್ತೆ ಏಳುತ್ತಿದ್ದರು. ಉಡಚವ್ವ ಕೂಡಿಸುತ್ತಿರಲಿಲ್ಲ. ತಾನೂ ಅವರ ಮಗ್ಗುಲಿಗೆ ಸೇರಿ, ಅವರಷ್ಟೇ ಬಿರುಸಾಗಿ ಅಡ್ಡಾಡುತ್ತಿದ್ದಳು. ಹತ್ತು ಸುತ್ತು ಆದ ಮೇಲೆ ಒಂದು ಹೆಜ್ಜೆ ಸಾವಕಾಶ ಇಡುತ್ತಿದ್ದಳು. ಮಗ್ಗುಲಿನವರ ಹೆಜ್ಜೆಯೂ ತಾನಾಗಿ ಸಾವಕಾಶವಾಗುತ್ತಿತ್ತು. ಮತ್ತೆ ಹತ್ತು ಸುತ್ತು, ಮತ್ತೊಂದು ಹೆಜ್ಜೆ. ಕೊನೆಗೆ ಇಬ್ಬರೂ ಊಟದ ತಾಟಿನ ಮುಂದೆ ಬಂದು ನಿಂತಿರುತ್ತಿದ್ದರು, ಕರೆದವರು ಯಾರು ಎಂದು ಗೊತ್ತಾಗದ ಹಾಗೆ.

ಆ ವರ್ಷದ ಮಳೆಗಾಲದಲ್ಲಿ ಶಿರಗುಪ್ಪಿಯಿಂದ ಸತ್ಯವ್ವ ಎಂಬ ಇಪ್ಪತ್ತು ವರ್ಷದ ಹುಡುಗಿಯನ್ನು ಕರೆತಂದರು. ಚೊಚ್ಚಲ ಬಾಣಂತಿ. ಹಡೆದು ಎರಡು ತಿಂಗಳಾಗಿತ್ತು. ಸತತ ಹನ್ನೆರಡು ದಿನ ನಿದ್ದೆ ಇಲ್ಲ. ಒಂದು ಮಧ್ಯಾಹ್ನ ಕೂಸನ್ನು ತೊಟ್ಟಿಲಲ್ಲಿ ಬಿಟ್ಟು, ಕಾಲಲ್ಲಿ ಚಪ್ಪಲಿಯಿಲ್ಲದೆ ಊರ ಹೊರಗಿನ ರಸ್ತೆ ಹಿಡಿದು ಹೊರಟಿದ್ದಳು. ಎಲ್ಲಿಗೆ ಎಂದರೆ ಗೊತ್ತಿಲ್ಲ ಎಂದಳು. ಅತ್ತೆ ದುರಗವ್ವ ಅಂಜಿ, ಕೂಸನ್ನು ತನ್ನ ಹತ್ತಿರವೇ ಇಟ್ಟುಕೊಂಡು ಸೊಸೆಯನ್ನು ಬಂಗಲೆಗೆ ತಂದಳು. ಭವನದಲ್ಲಿ ಕೂಸುಗಳನ್ನು ಇಟ್ಟುಕೊಳ್ಳುವ ನಿಯಮವೂ ಇರಲಿಲ್ಲ. ಬಿಟ್ಟು ಹೋಗುವಾಗ ಅತ್ತೆ ಸೊಸೆಯಿಂದ ತನ್ನ ಕೈ ಮೇಲೆ ಕೈ ಹಾಕಿಸಿಕೊಂಡು ಒಂದು ಆಣೆ ತೆಗೆದುಕೊಂಡಳು. ಇಂಥ ಜಾಗದಲ್ಲಿ ಕೂಸಿನ ಮಾತು ಎತ್ತಬಾರದು, ಎತ್ತಿದರೆ ಇಲ್ಲಿಯ ಗಾಳಿ ಅದಕ್ಕೆ ಬಡಿಯುತ್ತದೆ. ಸತ್ಯವ್ವ ಆಣೆ ಕೊಟ್ಟಳು. ಕೊಟ್ಟ ಮೇಲೆ ಆಕೆಗೆ ಮಾತಾಡಲು ಏನೂ ಉಳಿಯಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಉಡಚವ್ವ ಮಗ್ಗುಲಿಗೆ ಸೇರಿಕೊಂಡಳು.

ಹತ್ತು ದಿನದಲ್ಲಿ ಡಾಕ್ಟರರು ನಿರ್ಧಾರ ಬರೆಯಬೇಕು. ದೊಡ್ಡ ದವಾಖಾನೆಗೆ ಎಂದು ಬರೆದರೆ ಮ್ಯಾಜಿಸ್ಟ್ರೇಟರ ಕಾಗದ ಆಗುತ್ತದೆ. ಆ ಕಾಲದ ಕಾಯ್ದೆಯಲ್ಲಿ ಆ ಕಾಗದದಿಂದ ಹೊರಬರಲು ಇನ್ನೊಂದು ಕಾಗದ ಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಎರಡು ತಿಂಗಳ ಕೂಸು ಯಾರ ಹಾಲು ಕುಡಿಯಬೇಕು, ಕುಡಿದು ಯಾರನ್ನು ಅವ್ವ ಎನ್ನಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಕಲಮು ಇರಲಿಲ್ಲ.

ಡಾಕ್ಟರರು ಮೈಸೂರಿನ ಕಡೆಯವರು. ಏಕೀಕರಣವಾಗಿ ಮೂರು ವರ್ಷವಾಗಿದ್ದರೂ ಅವರು ಈ ಕಡೆಗೆ ಬಂದು ಮೂರು ವಾರ ಮಾತ್ರ ಆಗಿತ್ತು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ. ರೋಗಿ ಮನಸ್ಸು ಬಿಚ್ಚಬೇಕಾದರೆ ಆಯಾಗಳು ಹೊರಗೆ ಇರಬೇಕು ಎಂಬುದು ಅವರ ನಿಯಮ. ಮಾಸ್ತರರು ಮಾತ್ರ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂಡಬಹುದಿತ್ತು. ಈ ಕಡೆಯ ಮಾತು ಎಲ್ಲಾದರೂ ತಿಳಿಯದಿದ್ದರೆ ಕೇಳಲು ಒಬ್ಬ ಭಾಷಾಪಂಡಿತರು ಇರಲಿ ಎಂದು ಡಾಕ್ಟರರೇ ಅಂದಿದ್ದರು. ಆ ದಿನದಿಂದ ಮಾಸ್ತರರು ಕೋಟಿಗೆ ಇಸ್ತ್ರಿ ಮಾಡಿಸತೊಡಗಿದ್ದರು.

ಎಂಟನೆಯ ದಿನ ಸತ್ಯವ್ವನನ್ನು ಕೂಡಿಸಿಕೊಂಡು ಡಾಕ್ಟರರು ಮೆಲ್ಲಗೆ ಕೇಳಿದರು, “ಕಣ್ಣು ಮುಚ್ಚಿದರೆ ಏನಾದರೂ ಕಾಣಿಸುತ್ತೇನಮ್ಮ?”

“ಮಾರಿ ಕಾಣ್ತೈತ್ರಿ.”

“ಮಾರಿ?”

“ಹೂಂನ್ರಿ. ಕಣ್ಣ ಮುಚ್ಚಿದ್ರೂ ಅದ ಮಾರಿ, ತಗದ್ರೂ ಅದ ಮಾರಿ.”

“ಅದು ಏನಾದರೂ ಹೇಳುತ್ತಾ ನಿನಗೆ?”

“ಅದಕ್ಕಿನ್ನೂ ಮಾತ ಎಲ್ಲಿ ಬರ್ತಾವ್ರಿ. ಬಾಯಿ ತಗದ ಅಳತೈತಿ. ನನ್ನ ಕರದಂಗ ಆಕ್ಕೈತಿ.”

ಹುಬ್ಬಳ್ಳಿಯ ಸಂತೆಯಲ್ಲಿ ಬದನೆಕಾಯಿ ಮಾರುವವರನ್ನು ಕೇಳಿದ್ದರೂ ಹೇಳುತ್ತಿದ್ದರು, ಈ ಕಡೆ ಮಾರಿ ಎಂದರೆ ಮುಖ. ಮುಂಜಾನೆ ಎದ್ದು ತೊಳೆದುಕೊಳ್ಳುವುದು ಮಾರಿ, ಸಿಟ್ಟು ಬಂದರೆ ತಿರುವುವುದು ಮಾರಿ. ಆದರೆ ಮೈಸೂರಿನ ಡಾಕ್ಟರರಿಗೆ ಮಾರಿ ಎಂದರೆ ಒಬ್ಬಳೇ, ಕೆಂಪು ನಾಲಗೆ ಚಾಚಿ ಊರ ಗಡಿಯಲ್ಲಿ ಕೂಡುವ ದೇವಿ. ಅವರು ಪೆನ್ನು ಎತ್ತಿಹಿಡಿದು ಮಾಸ್ತರರ ಕಡೆ ನೋಡಿದರು.

ಮಾಸ್ತರರು ಹುಟ್ಟಿದ್ದು ಧಾರವಾಡದಲ್ಲಿ. ಅಂದು ಮುಂಜಾನೆಯೂ ಗೌರಕ್ಕ ಅವರಿಗೆ ಮಾರಿ ತೊಳೆಯಲು ಬಿಸಿನೀರು ಇಟ್ಟಿದ್ದರು. ಆದರೆ ಬಂಗಲೆಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆಗೆ ಧಾರವಾಡದ ಮಾತನ್ನೂ ಬಿಟ್ಟು ಒಳಗೆ ಬರುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಒಳಗೆ ಅವರು ಗ್ರಾಂಥಿಕದಲ್ಲಿ ಮಾತಾಡುತ್ತಿದ್ದರು, ಗ್ರಾಂಥಿಕದಲ್ಲಿಯೇ ಕೇಳಿಸಿಕೊಳ್ಳುತ್ತಿದ್ದರು. ಸಾಲದ್ದಕ್ಕೆ ಮೂರನೆಯ ಅಧ್ಯಾಯದ ನಿರಾಲಂಬ ದರ್ಶನಕ್ಕೆ ಒಂದು ಉದಾಹರಣೆ ಸಿಗದೆ ಹದಿನೈದು ದಿನದಿಂದ ಅವರ ಪೆನ್ನು ನಿಂತಿತ್ತು. ಅವರು ಗಂಭೀರವಾಗಿ ತಲೆದೂಗಿ, ಗ್ರಾಮದೇವತೆ ಎಂದರು. ಡಾಕ್ಟರರು ಬರೆದುಕೊಂಡರು. ಮಾಸ್ತರರೂ ಬರೆದುಕೊಂಡರು, ಅಕ್ಷರ ಬಿಡದೆ.

ಮರುದಿನ ಶುಕ್ರವಾರ ಮಧ್ಯಾಹ್ನ ಮಾಸ್ತರರು ಬಂದಾಗ ಸತ್ಯವ್ವನನ್ನು ದೊಡ್ಡ ದವಾಖಾನೆಗೆ ಕಳಿಸುವ ಚೀಟಿ ತಯಾರಾಗಿ ಡಾಕ್ಟರರ ಮೇಜಿನ ಮೇಲಿತ್ತು. ನಾಲ್ಕು ಗಂಟೆಗೆ ಜೀಪು ಬರುವುದಿತ್ತು. ಅವರಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಅಧ್ಯಾಯ ಮುಗಿದ ಉಮೇದಿಯಲ್ಲಿದ್ದರು. ಸಾಮಾನ್ಯ ಜನರಿಗೂ ತಿಳಿಯುವಂತಿರಬೇಕು ಎಂದು ಪ್ರಕಾಶಕರು ಪತ್ರ ಬರೆದಿದ್ದರು, ಸಾಮಾನ್ಯ ಜನ ಎಂದರೆ ಅವರಿಗೆ ಉಡಚವ್ವನ ನೆನಪಾಗಿತ್ತು. ಆಕೆ ವಾರ್ಡಿನ ಅರಿವೆ ಹಿಂಡಿ ಹಗ್ಗದ ಮೇಲೆ ಹಾಕುತ್ತ ಅತ್ತಿಂದಿತ್ತ ಹೋಗುತ್ತಿದ್ದಳು. ಮಾಸ್ತರರು ಬೆನ್ನ ಹಿಂದೆ ಅಡ್ಡಾಡುತ್ತ ಓದಿದರು. ನಿರಾಲಂಬ ದರ್ಶನವೆಂದರೆ ವಸ್ತುವಿಲ್ಲದೆ ವಸ್ತುವಿನ ಸಾಕ್ಷಾತ್ಕಾರ. ಉದಾಹರಣೆಗೆ, ಗ್ರಾಮೀಣ ಯುವತಿಯೊಬ್ಬಳಿಗೆ ಮಾರೀದೇವಿಯು ಬಾಯ್ದೆರೆದು ರೋದಿಸುತ್ತ ಹಗಲಿರುಳು ಗೋಚರಿಸುತ್ತಿದ್ದಳು.

ಉಡಚವ್ವ ಯಾರ ಮಾತು ಇದು ಎಂದು ಕೇಳಿದಳು. ರೋಗಿಗಳ ಹೆಸರು ಹೇಳಬಾರದು ಎಂದು ಮಾಸ್ತರರು ಮೊದಲು ಹೇಳಿ, ಆಮೇಲೆ ಶಿರಗುಪ್ಪಿಯವಳದು ಎಂದರು.

ಉಡಚವ್ವ ನಿಂತಳು. ಆಕೆ ಕೈಯ ಕೆಲಸ ಬಿಟ್ಟು ನಿಂತದ್ದನ್ನು ಮಾಸ್ತರರು ನೋಡಿದ್ದು ಅದೇ ಮೊದಲು. ಕೈಯಲ್ಲಿನ ಒದ್ದೆ ಸೀರೆಯಿಂದ ನೀರು ಅವರ ಇಸ್ತ್ರಿ ಕೋಟಿನ ಮೇಲೆ ಹನಿಯುತ್ತಿತ್ತು.

“ದೇವಿ ಗೀವಿ ಬ್ಯಾಡ್ರಿ. ಆಕಿ ಬಾಯಾಗಿಂದ ಹೆಂಗ ಬಂತು ಹಂಗ ಹೇಳ್ರಿ.”

ಮಾಸ್ತರರು ನೋಟಬುಕ್ಕು ತೆರೆದು ಓದತೊಡಗಿದರು. ಮಾರಿ ಕಾಣ್ತೈತ್ರಿ. ಕಣ್ಣ ಮುಚ್ಚಿದ್ರೂ ಅದ ಮಾರಿ. ಅದಕ್ಕಿನ್ನೂ ಮಾತ ಎಲ್ಲಿ ಬರ್ತಾವ್ರಿ. ಗಿಡದ ಕೆಳಗೆ, ಹೊಸ್ತಿಲ ಹೊರಗೆ, ತಮ್ಮ ಬಾಯಿಂದಲೇ ಆ ಮಾತು ಕೇಳಿದಾಗ ಅವರ ದನಿ ಅರ್ಧಕ್ಕೆ ಇಳಿಯಿತು. ಮುಂದಿನ ಸಾಲು ಓದಲಿಲ್ಲ.

“ಮುಂಜಾನೆದ್ದು ನಿಮ್ಮ ಮನಿಯವರು ನಿಮಗ ಏನ ತೊಳಕೋರಿ ಅಂತಾರ್ರಿ?” ಎಂದಳು ಉಡಚವ್ವ.

ಮಾಸ್ತರರು ನೋಟಬುಕ್ಕು ಮುಚ್ಚಿದರು. ಆಕೆ ಕೈಯಲ್ಲಿನ ಸೀರೆಯನ್ನು ಎತ್ತಿ ತೋರಿಸಿದಳು. ಅದು ಸತ್ಯವ್ವನದು. ದಿನಕ್ಕೆ ಎರಡು ಸಲ ಒಗೆಯಬೇಕಾಗುತ್ತಿತ್ತು, ಎದೆಯ ಮುಂದೆ ತೊಯ್ದು ಹೋಗುತ್ತಿತ್ತು. ಹಾಲು. ಕೂಸಿನ ಮಾತು ಎತ್ತಬಾರದೆಂದು ಅತ್ತೆ ಆಣೆ ತೆಗೆದುಕೊಂಡದ್ದನ್ನು ಉಡಚವ್ವ ಬಾಗಿಲ ಹತ್ತಿರ ನಿಂತು ಕೇಳಿದ್ದಳು. ಕೂಸು ಅನ್ನಲಾರದೆ ಹುಡುಗಿ ಮಾರಿ ಅಂದಿದೆ.

ಡಾಕ್ಟರರಿಗೆ ಹೋಗಿ ಹೇಳ್ರಿ ಎಂದಳು. ಮಾಸ್ತರರು ಆಗಲಿ ಎಂದರು. ಆದರೆ ಕಾಲು ಡಾಕ್ಟರರ ಖೋಲಿಯ ಕಡೆ ಹೋಗದೆ ಗೇಟಿನ ಕಡೆ ಹೋದವು. ಗೇಟಿನಿಂದ ಬೇವಿನ ಗಿಡಕ್ಕೆ ಬಂದರು, ಗಿಡದಿಂದ ಗೇಟಿಗೆ ಹೋದರು. ತಲೆಯೊಳಗೆ ಲೆಕ್ಕವಿಲ್ಲದಷ್ಟು ವಾಕ್ಯಗಳು ಏಳುತ್ತಿದ್ದವು. ಧಾರವಾಡದಲ್ಲಿ ಹುಟ್ಟಿದ ಪ್ರಾಧ್ಯಾಪಕನಿಗೆ ಮಾರಿ ಎಂದರೆ ಏನೆಂದು ಗೊತ್ತಾಗಲಿಲ್ಲ ಎಂದು ಮೈಸೂರಿನವರ ಮುಂದೆ ಹೇಗೆ ಒಪ್ಪಿಕೊಳ್ಳುವುದು. ಪಾಠಾಂತರ ಎನ್ನಬಹುದೆ? ಪ್ರಾದೇಶಿಕ ಅರ್ಥಭೇದದ ಸೂಕ್ಷ್ಮ ಎನ್ನಬಹುದೆ? ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿದರೆ? ಈ ಅಡ್ಡಾಟ, ಈ ಗಂಟಲು ಒಣಗುವುದು, ಎರಡನೆಯ ಅಧ್ಯಾಯದಲ್ಲಿ ಬರೆದ ಎಲ್ಲ ಲಕ್ಷಣಗಳೂ ಹೌದಲ್ಲವೆ? ಮೂರು ಗಂಟೆ ಹೊಡೆಯಿತು.

ಆಗ ಮಗ್ಗುಲಲ್ಲಿ ಯಾರೋ ನಡೆಯುತ್ತಿರುವುದು ಅವರ ಗಮನಕ್ಕೆ ಬಂತು. ಉಡಚವ್ವ. ಏನೂ ಮಾತಿಲ್ಲ. ಅವರಷ್ಟೇ ಬಿರುಸು. ಗೇಟಿಗೆ ಹೋದರೆ ಗೇಟಿಗೆ, ಗಿಡಕ್ಕೆ ಬಂದರೆ ಗಿಡಕ್ಕೆ. ಏಳನೆಯ ಸುತ್ತಿನಲ್ಲಿ ಆಕೆಯ ಹೆಜ್ಜೆ ಒಂದಿಷ್ಟು ಸಾವಕಾಶವಾಯಿತು. ಮಾಸ್ತರರಿಗೆ ಈ ಉಪಾಯ ಗೊತ್ತಿತ್ತು. ಎರಡು ಪುಟ ಬರೆದುಕೊಂಡಿದ್ದರು. ಗೊತ್ತಿದ್ದೂ ಅವರ ಹೆಜ್ಜೆ ಸಾವಕಾಶವಾಯಿತು. ಸುತ್ತು ಗೇಟಿನಿಂದ ಒಂದು ಮಾರು ಈಚೆ ತಿರುಗಿತು, ಆಮೇಲೆ ಮೆಟ್ಟಿಲ ಕಡೆ ವಾಲಿತು, ಆಮೇಲೆ ಪಡಸಾಲೆಯ ಮೇಲೆ ಬಂತು. ತಲೆ ಎತ್ತಿ ನೋಡಿದರೆ ಡಾಕ್ಟರರ ಮೇಜು ಎದುರಿಗಿತ್ತು. ಚಪ್ಪಲಿ ಕಾಲಲ್ಲೇ ಇದ್ದವು.

ಅದರಿಂದಲೋ ಏನೋ, ಮಾಸ್ತರರ ಬಾಯಿಂದ ಪಾಠಾಂತರವೂ ಬರಲಿಲ್ಲ, ಅರ್ಥಭೇದವೂ ಬರಲಿಲ್ಲ.

“ತಪ್ಪಾತ್ರಿ ಡಾಕ್ಟರ,” ಎಂದರು. “ಮಾರಿ ಅಂದ್ರ ಮುಖಾ ರೀ. ಆಕಿ ಕೂಸಿನ ಮುಖ. ನನಗ ಗೊತ್ತಿತ್ತು, ನಾ ಕಿವಿ ಕೊಡಲಿಲ್ಲ.”

ಡಾಕ್ಟರರು ಚೀಟಿಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದರು. ಸುಲಭಕ್ಕೆ ಒಪ್ಪುವ ಜಾತಿಯವರಲ್ಲ, ಅದು ಒಳ್ಳೆಯದೇ. ಒಂದು ಪದ ಹೋಯಿತೆಂದರೆ ರೋಗ ಹೋಗುವುದಿಲ್ಲ ಎಂದರು. ಆಕೆ ನಿದ್ದೆ ಬಿಟ್ಟದ್ದು ಸುಳ್ಳೆ, ಕೂಸನ್ನು ಬಿಟ್ಟು ಹಾದಿ ಹಿಡಿದದ್ದು ಸುಳ್ಳೆ, ನಾಳೆ ಮನೆಗೆ ಕಳಿಸಿದರೆ ಮತ್ತೆ ಹಾಗೆ ಮಾಡುವುದಿಲ್ಲ ಎಂದು ಯಾರು ಹೇಳಬೇಕು? ಮಾಸ್ತರರು ತಮ್ಮ ಅಧ್ಯಾಯಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದರು. ಹನ್ನೆರಡರಲ್ಲೂ ಈ ಪ್ರಶ್ನೆಗೆ ಜಾಗ ಇರಲಿಲ್ಲ. ಡಾಕ್ಟರರು ಬಾಗಿಲ ಕಡೆ ನೋಡಿ, ನೀನು ಒಳಗೆ ಬಾಮ್ಮ ಎಂದರು. ಅಲ್ಲಿಗೆ ಬಂದ ಮೇಲೆ ಅವರು ಉಡಚವ್ವನನ್ನು ಒಳಗೆ ಕರೆದದ್ದು ಅದೇ ಮೊದಲ ಸಲ.

ಉಡಚವ್ವ ಬಾಗಿಲ ಚೌಕಟ್ಟು ಹಿಡಿದು, ತನಗೆ ಗೊತ್ತಿದ್ದಷ್ಟು ಹೇಳಿದಳು. ಬಂದ ಮೊದಲ ಮೂರು ದಿನ ಹುಡುಗಿ ಒಂದು ತುತ್ತು ಉಂಡಿಲ್ಲ. ನಾಲ್ಕನೆಯ ದಿನದಿಂದ ಅರ್ಧ ರೊಟ್ಟಿ. ನಿನ್ನೆ ಒಂದು ಪೂರ್ತಿ, ತಾನಾಗಿ ಕೇಳಿ. ಹಗಲು ಒಂದು ತಾಸು ಕಣ್ಣು ಹತ್ತುತ್ತದೆ. ಎದ್ದಾಗ ತಾನೆಲ್ಲಿದ್ದೇನೆಂದು ಗೊತ್ತಿರುತ್ತದೆ, ಇಂದು ಯಾವ ವಾರ ಎಂದು ಗೊತ್ತಿರುತ್ತದೆ. ಪಕ್ಕದ ಹಾಸಿಗೆಯ ದಾವಲಬಿಗೆ ಚಳಿ ಎಂದಾಗ ತನ್ನ ಹೊದಿಕೆ ತೆಗೆದು ಕೊಟ್ಟಿದ್ದಾಳೆ.

“ಬ್ಯಾನಿ ಐತ್ರಿ,” ಎಂದಳು ಕೊನೆಗೆ. “ಇಲ್ಲ ಅನ್ನೂದಿಲ್ಲ ನಾ. ನಮ್ಮತ್ತಿಗೆ ಬಂದದ್ದನ್ನ ನೋಡೇನಿ, ಅದು ಬ್ಯಾರೆ, ಇದು ಬ್ಯಾರೆ. ಅಕಿಗೆ ನಾ ಎದರಿಗೆ ಇದ್ರೂ ಕಾಣತಿದ್ದಿಲ್ಲ. ಇಕಿಗೆ ಎದರಿಗೆ ಇಲ್ಲದ ಕೂಸು ಕಾಣತೈತಿ. ಹಡದಾಕಿಗೆ ಕಾಣಲಿಲ್ಲ ಅಂದ್ರ ನಾ ಅಂಜತಿದ್ದೆ.”

ಡಾಕ್ಟರರು ಚೀಟಿಯನ್ನು ಹರಿಯಲಿಲ್ಲ. ಮಡಚಿ ಖಾನೆಯಲ್ಲಿಟ್ಟರು. ಇನ್ನೊಂದು ಹಾಳೆ ತೆಗೆದು, ಒಂದು ತಿಂಗಳು ಇಲ್ಲೇ ಎಂದು ಬರೆದರು, ಕೂಸನ್ನು ತರಿಸುವುದು ಎಂದು ಬರೆದರು, ಭವನದ ನಿಯಮದ ಬಗ್ಗೆ ಟ್ರಸ್ಟಿನವರಿಗೆ ತಾವು ಹೇಳುವುದಾಗಿಯೂ, ಔಷಧ ತಪ್ಪಿಸಬಾರದೆಂದೂ, ತಾಯಿ ಕೂಸು ಇಬ್ಬರನ್ನೂ ಉಡಚವ್ವ ಕಣ್ಣು ಬಿಡದೆ ನೋಡಿಕೊಳ್ಳಬೇಕೆಂದೂ ಹೇಳಿದರು. ನಾಲ್ಕಕ್ಕೆ ಬಂದ ಜೀಪು ದೊಡ್ಡ ದವಾಖಾನೆಗೆ ಹೋಗದೆ ಶಿರಗುಪ್ಪಿಗೆ ಹೋಯಿತು.

ಮಾಸ್ತರರು ಹೊರಗೆ ಬಂದರು. ಪಡಸಾಲೆಯ ಕಂಬದ ಹತ್ತಿರ ಯಾರೋ ತಂಬಿಗೆ ಮುಂದೆ ಹಿಡಿದರು. ಅವರು ಗಟಗಟ ಕುಡಿದು, ತಂಬಿಗೆ ತಿರುಗಿ ಕೊಟ್ಟು, ಬಸ್ಸಿಗೆ ಹೋದರು. ಕುಡಿದದ್ದು ಅವರ ಗಮನಕ್ಕೆ ಬರಲಿಲ್ಲ. ಉಡಚವ್ವನ ಗಮನಕ್ಕೆ ಬಂತು. ಆಕೆ ಅದನ್ನೂ ಯಾರ ಮುಂದೆ ಆಡಿ ತೋರಿಸಲಿಲ್ಲ.

ಸಾಯಂಕಾಲ ಕೂಸು ಬಂತು. ಅತ್ತೆ ದುರಗವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ತಂದಿದ್ದಳು, ಅಲ್ಲಿಯ ಗಾಳಿ ಬಡಿಯಬಾರದೆಂದು. ಸತ್ಯವ್ವ ಕೂಸನ್ನು ಎತ್ತಿಕೊಂಡೊಡನೆ ಎಲ್ಲ ನೆಟ್ಟಗಾಯಿತು ಎಂದು ಯಾರೂ ತಿಳಿಯಬಾರದು. ಮೊದಲ ನಾಲ್ಕು ದಿನ ಹಾಲು ಕುಡಿಸಿ, ಕೂಸನ್ನು ಉಡಚವ್ವನ ಕೈಗೆ ಕೊಟ್ಟು, ಮತ್ತೆ ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದಳು. ಉಡಚವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಜೊತೆಗೆ ತಿರುಗುತ್ತಿದ್ದಳು. ಆರು ವಾರ ಬೇಕಾಯಿತು. ಅರವತ್ತಮೂರರಲ್ಲಿ ಎರಡನೆಯ ಹೆರಿಗೆಯಾದ ಮೇಲೆ ಸತ್ಯವ್ವ ಮತ್ತೊಮ್ಮೆ ಬಂದಳು. ಆ ಸಲ ಯಾರೂ ಕರೆತರಲಿಲ್ಲ. ನಿದ್ದೆ ಹೋಗಿ ಐದು ದಿನವಾಗಿತ್ತು, ಕೂಸನ್ನು ಕಟ್ಟಿಕೊಂಡು ತಾನೇ ಬಸ್ಸು ಹತ್ತಿ, ಕಂಡಕ್ಟರು ಕೂಗುವ ಮೊದಲೇ ಎದ್ದು ನಿಂತು, ಹುಚ್ಚರ ಬಂಗ್ಲೆ ಎಂದು ಹೇಳಿ ಇಳಿದಳಂತೆ. ಈ ಸಂಗತಿ ಕೇಳಿದ ಮೇಲೆ ಮಾಸ್ತರರಿಗೂ ಒಂದು ಸ್ಟಾಪು ಹಿಂದೆ ಇಳಿಯಲು ನಾಚಿಕೆಯಾಯಿತು.

ಗ್ರಂಥ ಅದರ ಮರುವರ್ಷ, ಅರವತ್ತನಾಲ್ಕರಲ್ಲಿ, ಹೊರಬಂತು. ಮೂರನೆಯ ಅಧ್ಯಾಯದಲ್ಲಿ ಮಾರೀದೇವಿ ಇರಲಿಲ್ಲ. ಅಲ್ಲಿ ಬರೆದಿದ್ದರು, ರೋಗಿಯ ಮಾತನ್ನು ರೋಗಿಯ ಊರಿನ ಕಿವಿಯಿಂದ ಕೇಳಿದ ಮೇಲೆಯೇ ಲಕ್ಷಣವೆಂದು ಬರೆಯತಕ್ಕದ್ದು. ಮುನ್ನುಡಿಯಲ್ಲಿ ಹತ್ತೊಂಬತ್ತು ಜನರಿಗೆ ಕೃತಜ್ಞತೆ ಇತ್ತು, ಕಾಗದದ ಅಂಗಡಿಯವರಿಗೂ ಇತ್ತು. ಹತ್ತೊಂಬತ್ತನೆಯದು ಉಡಚವ್ವನ ಹೆಸರು. ಒಂದು ಪ್ರತಿಯನ್ನು ಕೆಂಪು ಕಾಗದದಲ್ಲಿ ಸುತ್ತಿಕೊಂಡು ಮಾಸ್ತರರು ಬಂಗಲೆಗೆ ತಂದರು. ಉಡಚವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಮಗಳು ಸುಹಾಸಿನಿ ಆ ವರ್ಷ ಮಾಸ್ತರಿಕೆಯ ಟ್ರೇನಿಂಗಿಗೆ ಸೇರಿದ್ದಳು. ಅವಳು ಮನೆಯಲ್ಲಿ ಮೂರನೆಯ ಅಧ್ಯಾಯ ಓದಿ ಹೇಳಿದಳಂತೆ, ಮಾತು ಖರೇ ಐತಿ, ವಾಕ್ಯ ಭಾಳ ಉದ್ದಾಗ್ಯಾವು ಎಂದಳಂತೆ. ಉಡಚವ್ವ ಇದನ್ನು ಇದ್ದ ಹಾಗೆಯೇ ಮುಂದಿನ ವಾರ ಮಾಸ್ತರರಿಗೆ ಮುಟ್ಟಿಸಿದಳು. ಅವರು ಮೊದಲ ಅರ್ಧವನ್ನು ಮಾತ್ರ ನೋಟಬುಕ್ಕಿನಲ್ಲಿ ಬರೆದುಕೊಂಡರು.

ಆದರೆ ಅವರ ಕಸಿವಿಸಿ ಪೂರ್ತಿ ಹೋಗಿರಲಿಲ್ಲ. ಹನ್ನೆರಡು ಅಧ್ಯಾಯ ಬರೆದು, ಅಚ್ಚು ಹಾಕಿಸಿ, ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಹೆಸರು ಕೊರೆಸಿದ ಮೇಲೂ, ತಾವು ಯಾವ ಅಧ್ಯಾಯದಲ್ಲಿ ಬರುತ್ತೇವೆ ಎಂಬುದು ಅವರಿಗೆ ಇತ್ಯರ್ಥವಾಗಿರಲಿಲ್ಲ. ಡಾಕ್ಟರರನ್ನು ಕೇಳಲು ಮಾನ ಅಡ್ಡ ಬರುತ್ತಿತ್ತು. ಹೊಸ ಗ್ರಂಥವೊಂದರ ಪದಗಳನ್ನು ಗೊಣಗುತ್ತ, ಹಣೆ ಉಜ್ಜಿಕೊಳ್ಳುತ್ತ, ಬೇವಿನ ಗಿಡದ ಸುತ್ತ ನಾಲ್ಕು ಸುತ್ತು ತಿರುಗಿ, ಅರಿವೆ ಒಣಹಾಕುತ್ತಿದ್ದ ಉಡಚವ್ವನ ಮುಂದೆ ಬಂದು ನಿಂತರು. ಆಸುಪಾಸು ಯಾರೂ ಇಲ್ಲವೆಂದು ನೋಡಿಕೊಂಡರು. ದನಿ ಇಳಿಸಿದರು.

“ಉಡಚವ್ವ, ಇಷ್ಟ ವರ್ಷ ಎಷ್ಟ ಮಂದಿನ್ನ ನೋಡೀದಿ. ಖರೇ ಹೇಳು, ನಾ ಶಾಣ್ಯಾನೋ ಹುಚ್ಚನೋ?”

ಉಡಚವ್ವ ಸೀರೆಯ ಅಂಚು ಜಗ್ಗಿ ಹಗ್ಗದ ಮೇಲೆ ಸರಿಮಾಡಿದಳು. ಆಮೇಲೆ ತಿರುಗಿ ಅವರನ್ನು ಒಮ್ಮೆ ನೆಟ್ಟಗೆ ನೋಡಿದಳು.

“ಹಣಿಗೆ ಶಾಯಿ ಹತ್ತೈತ್ರಿ,” ಎಂದಳು. “ಮೊದಲ ಮಾರಿ ತೊಳಕೊಂಡ ಬರ್ರಿ.”